ಬಿಟ್ಟ ಬಾಣದ ಹಿಂದಿನ ದಾರ

ಹಾವೇರಿ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿರುವ ಮಾಸೂರಿನ ಹೆಸರು ಹೇಳಿದೊಡನೆ ಆ ಸೀಮೆಯವರ ನೆನಪಿಗೆ ಬರುವುದು ಮದಗದ ಕೆರೆ. ವಿಜಯನಗರದ ಕಾಲದಲ್ಲಿ ಕುಮುದ್ವತಿ ನದಿಗೆ ಅಡ್ಡಲಾಗಿ, ಗುಡ್ಡಗಳ ನಡುವೆ ಮಣ್ಣಿನ ಏರಿ ಹಾಕಿ ಈ ಕೆರೆಯನ್ನು ಕಟ್ಟಿದರು. ಏರಿ ಎಷ್ಟೇ ದೊಡ್ಡದಿರಲಿ, ಕೆರೆಯ ಜೀವವಿರುವುದು ತೂಬಿನಲ್ಲಿ. ನಿಂತ ನೀರಿನ ಬಲ ಅಪಾರವಾದುದು. ಏರಿ ಒಡೆದರೆ ಅದೇ ನೀರು ಊರನ್ನು ಕೊಚ್ಚಿಕೊಂಡು ಹೋಗುತ್ತದೆ. ತೂಬಿನಿಂದ ಹೊರಟರೆ ಬತ್ತದ ಗದ್ದೆಗೆ ಹರಿಯುತ್ತದೆ. ಬಲವನ್ನು ಕೂಡಿಹಾಕುವುದು ಒಂದು ವಿದ್ಯೆ. ಅದನ್ನು ಬೇಕಾದ ಕಡೆಗೆ, ಬೇಕಾದಷ್ಟೇ ಬಿಡುವುದು ಇನ್ನೊಂದು ವಿದ್ಯೆ. ಈ ಎರಡನೆಯ ವಿದ್ಯೆ ಮನುಷ್ಯನಿಗೆ ತಡವಾಗಿಯೇ ಸಿದ್ಧಿಸುತ್ತ ಬಂದಿದೆ.

ನೀರಿನ ಮಾತು ಹಾಗಿರಲಿ, ಬೆಂಕಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಮಾಸೂರಿನ ಕೆರೆಗೆ ನೀರು ತರುವ ಕುಮುದ್ವತಿ ಹುಟ್ಟುವುದು ಮಲೆನಾಡಿನ ಹೊಸನಗರ ತಾಲ್ಲೂಕಿನಲ್ಲಿ, ಹುಂಚದ ಸಮೀಪದ ಬೆಟ್ಟಗಳಲ್ಲಿ. ಅದೇ ತಾಲ್ಲೂಕಿನ ನಗರ ಎಂಬ ಊರಿನಲ್ಲಿ—ಇತಿಹಾಸದ ಬಿದನೂರಿನಲ್ಲಿ—2018ರಲ್ಲಿ ಪುರಾತತ್ವ ಇಲಾಖೆಯವರು ಒಂದು ಪಾಳುಬಾವಿಯ ಕೆಸರನ್ನು ಅಗೆಸಿದಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಾವಿರಕ್ಕೂ ಹೆಚ್ಚು ದೊರೆತವು. ಅವು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಯುದ್ಧದ ರಾಕೆಟ್‌ಗಳು. ಮಾಸೂರಿನ ಉತ್ತರಕ್ಕಿರುವ ಸವಣೂರಿನ ಸೀಮೆಯೂ ಟಿಪ್ಪುವಿನ ಯುದ್ಧಗಳನ್ನು ಕಂಡ ನೆಲವೇ. 1786ರಲ್ಲಿ ಅವನ ಸೈನ್ಯ ತುಂಗಭದ್ರೆಯನ್ನು ದಾಟಿ ಬಂದು ಮರಾಠರೊಡನೆ ಕಾದಿತು. ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನ್ ರಾಜಧಾನಿಯನ್ನು ತೊರೆದು ಮರಾಠರ ಪಕ್ಷ ಸೇರಿದ. ಆ ಸೈನ್ಯದ ದಳಗಳಲ್ಲಿ ರಾಕೆಟ್ ಬಿಡುವುದನ್ನೇ ಕಸುಬಾಗಿ ಉಳ್ಳ ತುಕಡಿಗಳಿದ್ದವು.

ಮೈಸೂರಿನ ರಾಕೆಟ್ಟಿನ ಹೆಚ್ಚಳವಿದ್ದುದು ಅದರ ಕಬ್ಬಿಣದ ಮೈಯಲ್ಲಿ. ಯುರೋಪಿನವರು ಕಾಗದದ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದ ಕಾಲದಲ್ಲಿ ಇಲ್ಲಿನ ಕಮ್ಮಾರರು ಕಬ್ಬಿಣದ ಕೊಳವೆಯಲ್ಲಿ ತುಂಬಿದರು. ಒಳಗಿನ ಒತ್ತಡ ಹೆಚ್ಚಿತು. ಬಾಣ ಮೈಲಿಗೂ ಮಿಕ್ಕಿ ಹಾರಿತು. ಕೊಳವೆಗೆ ಒಂದು ಬಿದಿರು ಗಳುವನ್ನೋ ಕತ್ತಿಯ ಅಲಗನ್ನೋ ಕಟ್ಟುತ್ತಿದ್ದರು. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಕಾಳಗದಲ್ಲಿ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸಿಡಿದು ಅವನ ಪಡೆ ನಾಶವಾಯಿತು. ಅದಕ್ಕೆ ಈ ರಾಕೆಟ್‌ಗಳೇ ಕಾರಣವೆಂದು ಹೇಳುವುದುಂಟು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್‌ಗಳನ್ನು ರೂಪಿಸಿದ. ಈ ಕಥೆಯನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ.

ಆದರೆ ಆ ರಾಕೆಟ್ಟಿಗೆ ಒಂದು ದೊಡ್ಡ ಕೊರತೆಯಿತ್ತು. ಬತ್ತಿಗೆ ಕಿಡಿ ಮುಟ್ಟಿಸಿದವನ ಅಧಿಕಾರ ಆ ಕ್ಷಣಕ್ಕೇ ಮುಗಿಯುತ್ತಿತ್ತು. ಗಾಳಿ ಬೀಸಿದರೆ ಬಾಣ ಓರೆಯಾಗಿ ಹೋಗುತ್ತಿತ್ತು. ನೆಲಕ್ಕೆ ತಾಗಿದರೆ ಹಾವಿನಂತೆ ಹೊರಳುತ್ತಿತ್ತು. ಒಮ್ಮೊಮ್ಮೆ ಬಿಟ್ಟವರ ಕಡೆಗೇ ತಿರುಗುತ್ತಿತ್ತು. ಕುದುರೆಗಳು ಬೆದರಿದವು, ಆನೆಗಳು ಚದುರಿದವು. ಅಷ್ಟರಮಟ್ಟಿಗೆ ಅದು ಸಾರ್ಥಕ. ಒಬ್ಬನನ್ನೇ ಒಂದನ್ನೇ ಹುಡುಕಿ ಹೊಡೆಯುವ ಶಕ್ತಿ ಅದಕ್ಕಿರಲಿಲ್ಲ. ಕೆರೆಯಿತ್ತು, ತೂಬಿರಲಿಲ್ಲ ಎಂದರೆ ಸಲ್ಲುತ್ತದೆ.

ಈ ಕೊರತೆಯ ಅರಿವು ಕನ್ನಡಿಗರಿಗೆ ಹೊಸದಲ್ಲ. ಗಮಕಿಗಳು ಕರ್ಣಪರ್ವವನ್ನು ಓದುವಾಗ ಊರಿಗೆ ಊರೇ ಉಸಿರು ಬಿಗಿಹಿಡಿದು ಕೇಳುವ ಪ್ರಸಂಗವೊಂದುಂಟು. ಕರ್ಣ ಸರ್ಪಾಸ್ತ್ರವನ್ನು ಅರ್ಜುನನ ಕೊರಳಿಗೆ ಗುರಿಯಿಟ್ಟು ಹೂಡುತ್ತಾನೆ. ಎದೆಗೆ ಗುರಿಯಿಡೆಂದು ಶಲ್ಯ ಹೇಳುತ್ತಾನೆ, ಕರ್ಣ ಕೇಳುವುದಿಲ್ಲ. ಬಾಣ ಹೊರಟ ಮೇಲೆ ಶ್ರೀಕೃಷ್ಣ ರಥವನ್ನು ನೆಲಕ್ಕೆ ಅದುಮುತ್ತಾನೆ. ಬಾಣ ಕಿರೀಟವನ್ನು ಮಾತ್ರ ಕೊಂಡೊಯ್ಯುತ್ತದೆ. ಗುರಿ ಕೆಳಗಿಳಿಯಿತು, ಬಾಣಕ್ಕೆ ಇಳಿಯುವ ಉಪಾಯವಿರಲಿಲ್ಲ. ಹಾರುವ ಅಸ್ತ್ರ ನಡುದಾರಿಯಲ್ಲಿ ಒಡೆಯನ ಮಾತನ್ನು ಕೇಳುವಂತಿದ್ದರೆ ಕುರುಕ್ಷೇತ್ರದ ಕಥೆಯೇ ಬೇರೆಯಾಗುತ್ತಿತ್ತು.

ಬಿಟ್ಟ ಅಸ್ತ್ರಕ್ಕೆ ಮಾತು ಕೇಳಿಸುವ ಮೊದಲ ಉಪಾಯ ಅತ್ಯಂತ ಸರಳವಾದುದು: ಅದಕ್ಕೊಂದು ದಾರ ಕಟ್ಟುವುದು. ಗಾಳಿಪಟ ಹಾರಿಸುವ ಹುಡುಗನಿಗೆ ಯಾರೂ ಕಲಿಸದೆಯೇ ತಿಳಿದಿರುವ ಉಪಾಯವಿದು. 1877ರಲ್ಲಿ ಲೂಯಿ ಬ್ರೆನ್ನನ್ ಎಂಬ ಐರ್ಲೆಂಡ್ ಮೂಲದ ಕುಶಲಿ, ಆಸ್ಟ್ರೇಲಿಯಾದಲ್ಲಿದ್ದಾಗ, ತಂತಿಯ ಹಿಡಿತದಲ್ಲಿರುವ ಟಾರ್ಪಿಡೋ ಒಂದಕ್ಕೆ ಪೇಟೆಂಟು ಪಡೆದ. ಅದರ ಹೊಟ್ಟೆಯೊಳಗೆ ಎರಡು ಉರುಳೆಗಳಿಗೆ ತಂತಿ ಸುತ್ತಿರುತ್ತಿತ್ತು. ದಡದ ಮೇಲಿನ ಯಂತ್ರ ತಂತಿಗಳನ್ನು ಹಿಂದಕ್ಕೆ ಎಳೆದಂತೆ ಉರುಳೆಗಳು ತಿರುಗಿ, ಅವುಗಳ ಬಲದಿಂದ ಟಾರ್ಪಿಡೋ ಮುಂದಕ್ಕೆ ಈಜುತ್ತಿತ್ತು. ಒಂದು ತಂತಿಯನ್ನು ಹೆಚ್ಚು ಬಿರುಸಾಗಿ ಎಳೆದರೆ ಅದು ಪಕ್ಕಕ್ಕೆ ಹೊರಳುತ್ತಿತ್ತು. ಹಿಂದಕ್ಕೆ ಎಳೆದಷ್ಟೂ ಮುಂದಕ್ಕೆ ಹೋಗುವ ಈ ವಿಚಿತ್ರವನ್ನು ಬ್ರಿಟಿಷರು ತಮ್ಮ ಬಂದರುಗಳ ಕಾವಲಿಗೆ ಇಟ್ಟುಕೊಂಡರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಸೀಮೆನ್ಸ್ ಸಂಸ್ಥೆಯವರು ತೆಳುವಾದ ತಾಮ್ರದ ತಂತಿಯ ಮೂಲಕ ವಿದ್ಯುತ್ ಸಂಜ್ಞೆ ಕಳುಹಿಸಿ, ಟಾರ್ಪಿಡೋ ಹೊತ್ತ ರೆಕ್ಕೆವಿಮಾನವನ್ನು ನಡೆಸುವ ಪ್ರಯೋಗಗಳನ್ನು ಮಾಡಿದರು.

ಅದೇ ಯುದ್ಧದಲ್ಲಿ, 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ನದಿಯ ರಣಭೂಮಿಯಲ್ಲಿ ಟ್ಯಾಂಕು ಮೊದಲ ಬಾರಿಗೆ ಕಾಣಿಸಿಕೊಂಡಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಅದರ ಉಕ್ಕಿನ ಚರ್ಮ ದಪ್ಪವಾಗುತ್ತಲೇ ಹೋಯಿತು. ಅದನ್ನು ಭೇದಿಸಬೇಕಾದರೆ ಬಂಡಿಯಷ್ಟು ಭಾರದ ಫಿರಂಗಿ ಬೇಕು. ಕಾಲಾಳಿನ ಕೈಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಒಂದು ಉತ್ತರ ದೊರೆಯಿತು. ಸ್ಫೋಟಕದ ಮುಂಭಾಗವನ್ನು ಆಲಿಕೆಯಂತೆ ಟೊಳ್ಳಾಗಿಸಿ, ಆ ಟೊಳ್ಳಿಗೆ ತಾಮ್ರದ ತಗಡನ್ನು ಹೊದಿಸಿದರೆ, ಸಿಡಿತದ ಶಕ್ತಿಯೆಲ್ಲ ಒಂದು ಗೆರೆಯಲ್ಲಿ ಕೂಡಿ, ತಾಮ್ರವು ಸೂಜಿಯಂಥ ಧಾರೆಯಾಗಿ ಉಕ್ಕನ್ನು ಕೊರೆಯುತ್ತದೆ. ಇದಕ್ಕೆ ಗುಂಡಿನ ವೇಗ ಬೇಕಿಲ್ಲ. ಮೆಲ್ಲಗೆ ಬಂದು ತಾಗಿದರೂ ಸಾಕು. ಬಜೂಕದಂಥ ಕೈ ಆಯುಧಗಳು ಹುಟ್ಟಿದ್ದು ಹೀಗೆ. ಆದರೆ ಅವು ನಾಟುತ್ತಿದ್ದುದು ನೂರಿನ್ನೂರು ಗಜದೊಳಗೆ ಮಾತ್ರ. ಅಷ್ಟು ಹತ್ತಿರಕ್ಕೆ ಟ್ಯಾಂಕನ್ನು ಬರಗೊಟ್ಟು ಕಾದು ಕುಳಿತವನು ಮನೆಗೆ ಮರಳುವುದು ಅದೃಷ್ಟದ ಮಾತಾಗಿತ್ತು.

ಇಲ್ಲಿ ದಾರ ಮತ್ತೆ ನೆನಪಿಗೆ ಬಂದಿತು. ಜರ್ಮನಿಯ ಮ್ಯಾಕ್ಸ್ ಕ್ರೇಮರ್ ಎಂಬ ವಿಜ್ಞಾನಿ, ವಿಮಾನಗಳನ್ನು ಹೊಡೆಯುವ ತಂತಿಯ ಕ್ಷಿಪಣಿಯೊಂದನ್ನು ರೂಪಿಸಿದ ಮೇಲೆ, ಯುದ್ಧದ ಕೊನೆಯ ವರ್ಷಗಳಲ್ಲಿ ಟ್ಯಾಂಕಿಗಾಗಿ ಎಕ್ಸ್-7 ಎಂಬ ಪುಟ್ಟ ಕ್ಷಿಪಣಿಯನ್ನು ಸಿದ್ಧಪಡಿಸಿದ. ಅದಕ್ಕೆ ಇಟ್ಟ ಮುದ್ದಿನ ಹೆಸರು ಮಕ್ಕಳ ಕಥೆಯ 'ಕೆಂಪು ಟೋಪಿಯ ಹುಡುಗಿ'ಯದು. ತೂಕ ಸುಮಾರು 9 ಕಿಲೋ. ಓಟ ಸಾವಿರ ಮೀಟರಿಗೆ ತುಸು ಮಿಗಿಲು. ಅದರ ರೆಕ್ಕೆಯ ತುದಿಯ ಸುರುಳಿಗಳಿಂದ ತಂತಿ ಬಿಚ್ಚಿಕೊಳ್ಳುತ್ತ ಹೋಗುತ್ತಿತ್ತು. ರೇಡಿಯೋ ಇರುವಾಗ ತಂತಿಯೇಕೆ ಎಂದು ವಾಚಕರು ಕೇಳಬಹುದು. ರೇಡಿಯೋ ಸಂಜ್ಞೆಯನ್ನು ಶತ್ರುವೂ ಕೇಳಬಲ್ಲ, ಕೆಡಿಸಬಲ್ಲ. ಜರ್ಮನರ ರೇಡಿಯೋ ಬಾಂಬುಗಳಿಗೆ ಆ ಗತಿ ಬಂದಿತ್ತು. ತಂತಿಯೊಳಗಿನ ಮಾತು ಮೂರನೆಯವನ ಕಿವಿಗೆ ಬೀಳುವುದಿಲ್ಲ.

ಎಕ್ಸ್-7 ಬಳಕೆಗೆ ಬರುವ ಮೊದಲೇ ಯುದ್ಧ ಮುಗಿಯಿತು. ವಿದ್ಯೆ ಮಾತ್ರ ಉಳಿದು ಫ್ರೆಂಚರ ಕೈಸೇರಿತು. 1948ರ ಸುಮಾರಿನಿಂದ ಅವರು ದುಡಿದು ಮಾಡಿದ ಎಸ್‌ಎಸ್-10 ಎಂಬ ಕ್ಷಿಪಣಿ 1955ರಲ್ಲಿ ಫ್ರೆಂಚ್ ಸೈನ್ಯವನ್ನು ಸೇರಿತು. ತೂಕ 15 ಕಿಲೋ, ಓಟ 1,600 ಮೀಟರು, ವೇಗ ಸೆಕೆಂಡಿಗೆ 80 ಮೀಟರು. ಮರುವರ್ಷ ಸಿನಾಯ್ ಮರುಭೂಮಿಯಲ್ಲಿ ಇಸ್ರೇಲಿಗಳು ಅದನ್ನು ಬಳಸಿದರು. ಅನಂತರ ಬಂದ ಎಸ್‌ಎಸ್-11 ಮೂವತ್ತು ಕಿಲೋ ತೂಗಿ 3,000 ಮೀಟರು ಹಾರಿತು. ಎಂಟಾಕ್ 12 ಕಿಲೋ ತೂಗಿ 2,000 ಮೀಟರು ಹಾರಿತು. ರಷ್ಯನ್ನರು 1963ರಲ್ಲಿ 'ಮಾಲ್ಯುತ್ಕಾ', ಎಂದರೆ 'ಪುಟಾಣಿ' ಎಂಬ ಕ್ಷಿಪಣಿಯನ್ನು ಸೇವೆಗೆ ತಂದರು. ಪೆಟ್ಟಿಗೆಯಲ್ಲಿಟ್ಟು ಬೆನ್ನಿಗೆ ಹೊತ್ತು ಒಯ್ಯಬಹುದಾದ ಆಯುಧವದು.

ಈ ಮೊದಲ ತಲೆಮಾರಿನ ಅಸ್ತ್ರಗಳನ್ನು ಪ್ರಯೋಗಿಸುವ ಬಗೆಯನ್ನು ತಿಳಿದರೆ, ಅದರ ಹಿಂದೆ ಕುಳಿತ ಮನುಷ್ಯನ ಪಾಡು ಅರ್ಥವಾಗುತ್ತದೆ. ಗುರಿಕಾರ ಒಂದು ತಗ್ಗಿನಲ್ಲಿ ಅಡಗಿ ಕೂರುತ್ತಾನೆ. ಅವನ ಮುಂದೆ ದುರ್ಬೀನು. ಕೈಯಲ್ಲಿ ಒಂದು ಚಿಕ್ಕ ಹಿಡಿಕೋಲು. ಗುಂಡಿ ಒತ್ತಿದೊಡನೆ ಕ್ಷಿಪಣಿ ಚಿಮ್ಮುತ್ತದೆ. ಹಿಂದೆ ಕೂದಲಿನಷ್ಟು ತೆಳುವಾದ ತಂತಿ ಬಿಚ್ಚಿಕೊಳ್ಳುತ್ತದೆ. ಕ್ಷಿಪಣಿಯ ಬಾಲದಲ್ಲಿ ಒಂದು ದೀವಟಿಗೆ ಉರಿಯುತ್ತಿರುತ್ತದೆ. ಆ ಬೆಳಕಿನ ಚುಕ್ಕೆಯನ್ನೂ ದೂರದ ಟ್ಯಾಂಕನ್ನೂ ಒಂದೇ ನೋಟದಲ್ಲಿ ಹಿಡಿದು, ಎರಡೂ ಒಂದಾಗುವಂತೆ ಅವನು ಕೋಲನ್ನು ಆಡಿಸಬೇಕು. ಕೋಲು ಎಡಕ್ಕೆ ವಾಲಿದರೆ ಕ್ಷಿಪಣಿಯೂ ಎಡಕ್ಕೆ, ಮೇಲಕ್ಕೆತ್ತಿದರೆ ಮೇಲಕ್ಕೆ. ಹೆಚ್ಚು ತಿರುಗಿಸಿದರೆ ನೆಲಕ್ಕೆ ಬಡಿಯುತ್ತದೆ. ಕಡಿಮೆಯಾದರೆ ಗುರಿ ತಪ್ಪುತ್ತದೆ. ಮೊದಲ ಮುನ್ನೂರು, ಐನೂರು ಮೀಟರುಗಳು ಅದನ್ನು ಹದಕ್ಕೆ ತರುವುದರಲ್ಲೇ ಕಳೆಯುವುದರಿಂದ ತೀರ ಹತ್ತಿರಕ್ಕೆ ಬಂದ ಟ್ಯಾಂಕಿಗೆ ಇದು ಒದಗದು. ತಂತಿ ಗಿಡಗಂಟಿಗೆ ಸಿಕ್ಕಿ ಹರಿದರೆ ಆಟ ಮುಗಿದಂತೆ. ಸೂತ್ರ ಹರಿದ ಪಟದ ಗತಿಯೇ ಕ್ಷಿಪಣಿಗೂ.

ಸಾವಿರದ ಆರುನೂರು ಮೀಟರನ್ನು ಸೆಕೆಂಡಿಗೆ ಎಂಬತ್ತರಂತೆ ಕ್ರಮಿಸಲು ಇಪ್ಪತ್ತು ಸೆಕೆಂಡು ಬೇಕು. ಎಲೆಯಡಿಕೆ ಮಡಿಸುವಷ್ಟು ಹೊತ್ತು. ಆದರೆ ರಣರಂಗದಲ್ಲಿ ಆ ಇಪ್ಪತ್ತು ಸೆಕೆಂಡು ಒಂದು ಯುಗ. ಬಂದೂಕು ಹೊಡೆದವನು ತಲೆ ತಗ್ಗಿಸಬಹುದು. ಫಿರಂಗಿ ಹಾರಿಸಿದವನು ಕಿವಿ ಮುಚ್ಚಿಕೊಂಡು ಮರೆಗೆ ಸರಿಯಬಹುದು. ತಂತಿ ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಕಣ್ಣೆವೆ ಇಕ್ಕದೆ, ಕೈ ನಡುಗಿಸದೆ, ಗುಂಡುಗಳು ಸಿಳ್ಳು ಹಾಕುತ್ತಿದ್ದರೂ ಅವನು ಕಡೆಯವರೆಗೆ ನೋಡುತ್ತಲೇ ಇರಬೇಕು. ಅದಕ್ಕಾಗಿಯೇ ಈ ಗುರಿಕಾರರು ನಿಜವಾದ ಕ್ಷಿಪಣಿಯೊಂದನ್ನು ಮುಟ್ಟುವ ಮೊದಲು ಅಣಕು ಯಂತ್ರದ ಮುಂದೆ ಕುಳಿತು ಸಾವಿರಾರು ಸಲ ಅಭ್ಯಾಸ ಮಾಡಬೇಕಾಗುತ್ತಿತ್ತು. ವೀಣೆಯ ವಿದ್ಯಾರ್ಥಿಯಂತೆ, ಅಭ್ಯಾಸ ಬಿಟ್ಟರೆ ಕೈ ಕೆಡುತ್ತಿತ್ತು.

1973ರ ಅಕ್ಟೋಬರಿನಲ್ಲಿ ಈಜಿಪ್ಟಿನ ಸೈನ್ಯ ಸೂಯೆಜ್ ಕಾಲುವೆಯನ್ನು ದಾಟಿದಾಗ ಅದರ ಕಾಲಾಳುಗಳು ಮಾಲ್ಯುತ್ಕಾ ಪೆಟ್ಟಿಗೆಗಳನ್ನು ಹೊತ್ತಿದ್ದರು. ಎದುರಿಸಲು ನುಗ್ಗಿದ ಇಸ್ರೇಲಿನ ಟ್ಯಾಂಕುಗಳು ಮೊದಲ ದಿನಗಳಲ್ಲಿ ಭಾರಿ ನಷ್ಟವನ್ನು ಅನುಭವಿಸಿದವು. ಉರಿದ ಟ್ಯಾಂಕುಗಳ ಮೇಲೆ, ಮರಳಿನ ಮೇಲೆ, ಎಲ್ಲೆಲ್ಲಿಯೂ ಜೇಡರ ಬಲೆಯಂತೆ ತಂತಿಗಳು ಬಿದ್ದಿದ್ದವು. ಆದರೆ ಟ್ಯಾಂಕಿನವರು ಬೇಗನೆ ಉಪಾಯವನ್ನು ಕಂಡುಕೊಂಡರು. ಕ್ಷಿಪಣಿಯನ್ನು ತಡೆಯುವುದು ಕಷ್ಟ. ಅದನ್ನು ನಡೆಸುವ ಮನುಷ್ಯನನ್ನು ಹೆದರಿಸುವುದು ಸುಲಭ. ಎಲ್ಲಿಂದಲೋ ಹೊಗೆ ಎದ್ದಿತೆಂದರೆ ಎಲ್ಲರೂ ಆ ದಿಕ್ಕಿಗೆ ಗುಂಡಿನ ಮಳೆಗರೆಯತೊಡಗಿದರು. ಗುರಿಕಾರ ಸಾಯಬೇಕಾಗಿಯೂ ಇರಲಿಲ್ಲ. ಒಂದು ಸಲ ಬೆಚ್ಚಿ ಅವನ ಹೆಬ್ಬೆರಳು ಜಾರಿದರೆ ಸಾಕಿತ್ತು. ಮೂರು ಸಾವಿರ ಮೀಟರಿನ ತಂತಿಯ ಈ ತುದಿಯಲ್ಲಿ ಒಂದು ಹೃದಯ ಬಡಿಯುತ್ತಿದೆ ಎಂಬುದೇ ಆ ಅಸ್ತ್ರದ ದೌರ್ಬಲ್ಯವಾಯಿತು.

ಭಾರತಕ್ಕೆ ಈ ವಿದ್ಯೆ ಬಂದ ಬಗೆಯನ್ನೂ ಹೇಳಬೇಕು. 1958ರಲ್ಲಿ ದೆಹಲಿಯಲ್ಲಿ ವಿಶೇಷ ಅಸ್ತ್ರಗಳ ಅಭಿವೃದ್ಧಿಗಾಗಿ ಒಂದು ಚಿಕ್ಕ ತಂಡ ಕೂಡಿತು. ಅದರ ಮೊದಲ ಪಾಠಗಳಲ್ಲಿ ತಂತಿಯ ಟ್ಯಾಂಕುನಾಶಕ ಕ್ಷಿಪಣಿಯೂ ಒಂದು. ಆ ತಂಡವೇ ಬೆಳೆದು 1962ರಲ್ಲಿ ಹೈದರಾಬಾದಿನ ಕ್ಷಿಪಣಿ ಪ್ರಯೋಗಶಾಲೆಯಾಯಿತು. ಸೈನ್ಯ ಫ್ರೆಂಚರ ಕ್ಷಿಪಣಿಗಳನ್ನು ಕೊಂಡಿತು. 1970ರಲ್ಲಿ ಹೈದರಾಬಾದಿನಲ್ಲಿಯೇ ಸ್ಥಾಪನೆಯಾದ ಭಾರತ್ ಡೈನಾಮಿಕ್ಸ್ ಕಾರ್ಖಾನೆ ಎಸ್‌ಎಸ್-11 ಕ್ಷಿಪಣಿಯನ್ನು ಪರವಾನಗಿ ಪಡೆದು ತಯಾರಿಸತೊಡಗಿತು. ಕನ್ನಡ ನಾಡಿನ ಪಾಲೂ ಇದರಲ್ಲಿ ಸೇರಿತು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ 1962ರ ಒಪ್ಪಂದದಂತೆ ಫ್ರೆಂಚರ ಆಲುಯೆಟ್ ಹೆಲಿಕಾಪ್ಟರನ್ನು 1965ರಿಂದ ಇಲ್ಲಿಯೇ ಕಟ್ಟಿ, ಅದಕ್ಕೆ ರಾಣಾ ಪ್ರತಾಪನ ಕುದುರೆಯ ಹೆಸರಾದ 'ಚೇತಕ್' ಎಂದು ನಾಮಕರಣವಾಯಿತು. ಅಂಥ ಕೆಲವು ಚೇತಕ್‌ಗಳ ಪಕ್ಕೆಗಳಿಗೆ ನಾಲ್ಕು ತಂತಿಯ ಕ್ಷಿಪಣಿಗಳನ್ನು ಬಿಗಿದು ಅವನ್ನು ಟ್ಯಾಂಕುಬೇಟೆಗೆ ಸಜ್ಜುಗೊಳಿಸಿದರು. ಗಾಳಿಯಲ್ಲಿ ತೇಲುವ ಯಂತ್ರದಿಂದ ನೆಲದಲ್ಲಿ ಓಡುವ ಗುರಿಗೆ ದಾರ ಬಿಡುವುದೆಂದರೆ ಸಾಮಾನ್ಯ ಸಂಗತಿಯಲ್ಲ. ತಂತಿ ಬಿಚ್ಚಿಕೊಳ್ಳುತ್ತಿರುವಷ್ಟು ಹೊತ್ತೂ ಆ ಗಾಳಿಕುದುರೆಯು ಗುರಿಯ ಕಡೆಗೆ ಮುಖ ಮಾಡಿಯೇ ಇರಬೇಕಾಗಿತ್ತು; ಓಡುವಂತಿರಲಿಲ್ಲ.

ಮುಂದಿನ ಇತಿಹಾಸವೆಲ್ಲ ಈ ಮನುಷ್ಯನ ಹೊರೆಯನ್ನು ಹಂತಹಂತವಾಗಿ ಇಳಿಸಿದ ಇತಿಹಾಸ. ಎರಡನೆಯ ತಲೆಮಾರಿನಲ್ಲಿ, ಅಮೆರಿಕದ ಟೋ ಮತ್ತು ಭಾರತದಲ್ಲಿಯೂ ತಯಾರಾದ ಮಿಲಾನ್ ಕ್ಷಿಪಣಿಗಳಲ್ಲಿ, ತಂತಿ ಉಳಿಯಿತು, ಹಿಡಿಕೋಲು ಹೋಯಿತು. ಗುರಿಕಾರ ದುರ್ಬೀನಿನ ಗೆರೆಯನ್ನು ಟ್ಯಾಂಕಿನ ಮೇಲೆ ಇಟ್ಟರೆ ಸಾಕು. ಕ್ಷಿಪಣಿಯನ್ನು ಆ ಗೆರೆಗೆ ತರುವ ಕೆಲಸ ಯಂತ್ರದ್ದು. ಮೂರನೆಯ ತಲೆಮಾರಿನಲ್ಲಿ ತಂತಿಯೂ ಹೋಯಿತು. 1983ರ ಕ್ಷಿಪಣಿ ಯೋಜನೆಯಲ್ಲಿ ಮೊಳೆತು, 2020ರ ಅಕ್ಟೋಬರಿನಲ್ಲಿ ಪೋಖರಣದಲ್ಲಿ ಕಡೆಯ ಪರೀಕ್ಷೆಗೆ ಒಳಗಾದ ಭಾರತದ 'ನಾಗ್' ಈ ಜಾತಿಯದು. ಗುರಿಯ ಶಾಖದ ಚಿತ್ರವನ್ನು ತನ್ನ ಕಣ್ಣಿನಲ್ಲಿಯೇ ತುಂಬಿಕೊಂಡು ಅದು ತಾನೇ ದಾರಿ ಹುಡುಕುತ್ತದೆ. ಕರ್ಣನ ಸರ್ಪಾಸ್ತ್ರಕ್ಕೆ ಇಲ್ಲದಿದ್ದ ಕಣ್ಣು ಈ ನಾಗನಿಗೆ ಬಂದಿದೆ ಎನ್ನಬಹುದು. ರಥ ಕೆಳಗಿಳಿದರೆ ಇದೂ ಇಳಿಯುತ್ತದೆ. ಇಂಥ ಅಸ್ತ್ರಗಳಿಗೆ ಸೈನಿಕರ ಭಾಷೆಯಲ್ಲಿ ಒಂದು ಹೆಸರುಂಟು: 'ಹಾರಿಸು, ಮರೆತುಬಿಡು'.

ಗುರಿಕಾರನ ತಾಯಿಯ ಕಣ್ಣಿನಿಂದ ನೋಡಿದರೆ ಇದಕ್ಕಿಂತ ದೊಡ್ಡ ವರವಿಲ್ಲ. ಇಪ್ಪತ್ತು ಸೆಕೆಂಡು ಗುಂಡಿಗೆ ಎದೆಯೊಡ್ಡಿ ಕೂರಬೇಕಾಗಿದ್ದ ಮಗ ಈಗ ಗುಂಡಿ ಒತ್ತಿ ಮರೆಗೆ ಸರಿಯಬಹುದು. ಬದುಕಿ ಮನೆಗೆ ಬರಬಹುದು. ಇದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಆ ಹೆಸರಿನ ಎರಡನೆಯ ಪದದ ಬಳಿ ಮನಸ್ಸು ಒಂದು ಗಳಿಗೆ ನಿಲ್ಲುತ್ತದೆ. ತಂತಿಯ ಕ್ಷಿಪಣಿ ತನ್ನ ಒಡೆಯನಿಗೆ ಮರೆಯಲು ಅವಕಾಶ ಕೊಡುತ್ತಿರಲಿಲ್ಲ. ತಾನು ಮಾಡಹೊರಟ ಕೆಲಸವನ್ನು ಅದು ಮುಗಿಯುವವರೆಗೂ ಅವನು ಕಣ್ಣಾರೆ ನೋಡಬೇಕಾಗಿತ್ತು. ಅಷ್ಟೇ ಅಲ್ಲ, ಆ ಇಪ್ಪತ್ತು ಸೆಕೆಂಡುಗಳಲ್ಲಿ ಎದುರಿನವರು ಬಿಳಿಯ ಬಾವುಟ ಎತ್ತಿದರೆ, ಅಥವಾ ಅದು ತನ್ನವರದೇ ಟ್ಯಾಂಕೆಂದು ಹೊಳೆದರೆ, ಕೋಲನ್ನು ಪಕ್ಕಕ್ಕೆ ವಾಲಿಸಿ ಕ್ಷಿಪಣಿಯನ್ನು ಬರಿನೆಲಕ್ಕೆ ಬಡಿಸುವ ಅಧಿಕಾರವೂ ಅವನಿಗಿತ್ತು. ಮೈಸೂರಿನ ರಾಕೆಟ್ಟಿನವನಿಗೆ ಆ ಅಧಿಕಾರ ಇರಲಿಲ್ಲ, ಏಕೆಂದರೆ ಅವನ ಬಾಣ ಕುರುಡಾಗಿತ್ತು. ಹೊಸ ಅಸ್ತ್ರದವನಿಗೆ ಅದು ಕಡಿಮೆಯಾಗುತ್ತ ಬಂದಿದೆ, ಏಕೆಂದರೆ ಅವನ ಬಾಣಕ್ಕೆ ಸ್ವಂತ ಕಣ್ಣು ಬಂದಿದೆ. ಇವೆರಡರ ನಡುವಣ ಕೆಲವು ದಶಕಗಳಲ್ಲಿ ಮಾತ್ರ, ಬಿಟ್ಟ ಬಾಣ ಗುರಿ ಮುಟ್ಟುವ ಕ್ಷಣದವರೆಗೂ ಬಿಟ್ಟವನದಾಗಿಯೇ ಉಳಿದಿತ್ತು.

ತಂತಿಯ ಕಾಲ ಮುಗಿಯಿತೆಂದು ಪಂಡಿತರು ನಂಬಿದ್ದಾಗ ಅದು ಅನಿರೀಕ್ಷಿತವಾಗಿ ಹಿಂದಿರುಗಿತು. ಉಕ್ರೇನಿನ ಯುದ್ಧದಲ್ಲಿ ರೇಡಿಯೋದಿಂದ ನಡೆಯುವ ಪುಟ್ಟ ಡ್ರೋನುಗಳನ್ನು ಎರಡೂ ಪಕ್ಷದವರು ಸಂಜ್ಞೆ ಕೆಡಿಸಿ ಕೆಡವತೊಡಗಿದರು. 2024ರಿಂದ ಡ್ರೋನಿನ ಹೊಟ್ಟೆಗೆ ಗಾಜಿನ ಎಳೆಯ ಸುರುಳಿಯನ್ನು ಕಟ್ಟಿ, ಆ ಎಳೆಯ ಮೂಲಕವೇ ಚಿತ್ರವನ್ನೂ ಆಜ್ಞೆಯನ್ನೂ ಸಾಗಿಸುವ ಪದ್ಧತಿ ಹರಡಿತು. ಹತ್ತಿಪ್ಪತ್ತು ಕಿಲೋಮೀಟರಿನವರೆಗೂ ಈ ಎಳೆ ಬಿಚ್ಚಿಕೊಳ್ಳುತ್ತದೆ. ಎಂಬತ್ತು ವರ್ಷಗಳ ಹಿಂದೆ ಜರ್ಮನರು ತಂತಿಯನ್ನು ಹುಡುಕಿದ ಕಾರಣವೇ ಇಲ್ಲಿಯೂ ಕಾರಣ. ಅಲ್ಲಿನ ಹೊಲಗಳ ಮೇಲೆ ಬೆಳಗಿನ ಬಿಸಿಲಿಗೆ ಈ ಎಳೆಗಳು ಇಬ್ಬನಿಯ ಬಲೆಯಂತೆ ಹೊಳೆಯುತ್ತವೆ. ಹಕ್ಕಿಯೊಂದು ಆ ಎಳೆಗಳನ್ನು ಹೆಕ್ಕಿ ಹೆಣೆದ ಗೂಡಿನ ಚಿತ್ರ 2025ರಲ್ಲಿ ಪ್ರಕಟವಾಯಿತು. ದಾರದ ಆ ತುದಿಯಲ್ಲಿ ಏನಾಯಿತೆಂಬುದು ಹಕ್ಕಿಗೆ ತಿಳಿಯದು. ಈ ತುದಿಯಲ್ಲಿ ಕುಳಿತ ಯುವಕನಿಗೆ ಮಾತ್ರ ತೆರೆಯ ಮೇಲೆ, ಕಡೆಯ ಕ್ಷಣದವರೆಗೂ ಕಾಣುತ್ತದೆ.

ಏತನ್ಮಧ್ಯೆ, ಮನುಷ್ಯನ ಕೈಯೇ ಇಲ್ಲದೆ ತಾನೇ ಗುರಿಯನ್ನು ಆಯ್ದು ಹೊಡೆಯುವ ಆಯುಧಗಳಿಗೆ ಮಿತಿ ಹಾಕಬೇಕೆ ಎಂಬ ಬಗ್ಗೆ 2014ರಿಂದ ಜಿನೀವಾದಲ್ಲಿ ರಾಷ್ಟ್ರಗಳ ಪ್ರತಿನಿಧಿಗಳು ಕೂಡಿ ಚರ್ಚಿಸುತ್ತ ಬಂದಿದ್ದಾರೆ. ಆ ಮಾತುಕತೆಯ ತಿರುಳಿಗೆ ಕನ್ನಡದಲ್ಲಿ ಒಂದೇ ಪದ ಸಾಕು. 'ಸೂತ್ರ' ಎಂದರೆ ದಾರ. ಗೊಂಬೆಯಾಟದವನ ಬೆರಳಿಗೆ, ಗಾಳಿಪಟದ ಎದೆಗೆ ಕಟ್ಟಿದ್ದು ಅದೇ. 'ಸೂತ್ರ' ಎಂದರೆ ನಿಯಮವೂ ಹೌದು. ವ್ಯಾಕರಣದವರೂ ಗಣಿತದವರೂ ಕಟ್ಟಿಕೊಡುವುದು ಅದನ್ನು. ಮೊದಲನೆಯ ಸೂತ್ರ ಇದ್ದಷ್ಟು ಕಾಲ, ಬೇಕೆನಿಸಲಿ ಬಿಡಲಿ, ಮನುಷ್ಯ ತನ್ನ ಬಾಣಕ್ಕೆ ಹೊಣೆಯಾಗಿಯೇ ಇರಬೇಕಾಯಿತು. ಅದು ಕೈಜಾರಿದ ಮೇಲೆ ಉಳಿಯುವುದು ಎರಡನೆಯದು. ಅದನ್ನು ಯಾವ ಕಾರ್ಖಾನೆಯೂ ಸುರುಳಿ ಸುತ್ತಿ ಕೊಡಲಾರದು, ಮನುಷ್ಯರೇ ಕುಳಿತು ಹೆಣೆಯಬೇಕು.